ಮಳೆ ಹಿಡಿದ ಮೇಲೆ ಆಫ್ರಿಕನ್ ಸಿಕ್ಲಿಡ್‌ಗಳು ಸಾಯುತ್ತಿವೆ, ನೀಲಿ ಮೀನೊಂದು ಹಳದಿಯಾಗುತ್ತಿದೆ. ಏನು ಮಾಡಲಿ?

ಕೋಟೆಯ_ನೀಲಿ (ಚಿಕ್ಕಮಗಳೂರು), ಜೂನ್ 17, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಫೆಬ್ರವರಿಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಮಾಡಿಸಿ 14 ಆಫ್ರಿಕನ್ ಸಿಕ್ಲಿಡ್ ಮರಿಗಳನ್ನು ತಂದು ಬಿಟ್ಟೆ. ಅಂಗಡಿಯಲ್ಲಿ ಎಲ್ಲವೂ ಒಂದೇ ತೊಟ್ಟಿಯಲ್ಲಿದ್ದವು, ಮೇಲೆ ‘ಮಿಶ್ರ ಆಫ್ರಿಕನ್’ ಎಂದಷ್ಟೇ ಬರೆದಿತ್ತು. ಅಚ್ಚ ಹಳದಿಯವು ನಾಲ್ಕು, ತಿಳಿನೀಲಿ ಮೈಮೇಲೆ ಕಪ್ಪು ಅಡ್ಡಪಟ್ಟೆ ಇರುವವು ನಾಲ್ಕು, ಕಿತ್ತಳೆ ಬಣ್ಣದವು ಮೂರು, ಹಳದಿ ಮೈಗೆ ತಲೆಯಿಂದ ಬಾಲದವರೆಗೆ ಕಪ್ಪು ಗೆರೆ ಎಳೆದಂತಿರುವವು ಮೂರು. ಮೇ ತಿಂಗಳವರೆಗೆ ನೋಡಲು ಎರಡು ಕಣ್ಣು ಸಾಲದಂತಿದ್ದವು.

ಮೃಗಶಿರಾ ಮಳೆ ಹಿಡಿದುಕೊಂಡ ಮೇಲೆ ಎಲ್ಲವೂ ಕೆಟ್ಟಿತು. ಹತ್ತು ದಿನಗಳಲ್ಲಿ ಎರಡು ಹಳದಿ ಮೀನುಗಳು ಸತ್ತವು. ಒಂದರ ಹೊಟ್ಟೆ ಉಬ್ಬಿತ್ತು, ಬಿಳಿ ದಾರದಂಥ ಹಿಕ್ಕೆ ಜೋತಾಡುತ್ತಿತ್ತು. ಇನ್ನೊಂದರ ಬಾಲ ಹರಿದು ಚಿಂದಿಯಾಗಿತ್ತು. ಉಳಿದವು ಬಣ್ಣ ಕಳೆದುಕೊಂಡು ಮೂಲೆ ಹಿಡಿದಿವೆ. ಇದರ ನಡುವೆ ನೀಲಿ ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮುಖದ ಕಡೆಯಿಂದ ಹಳದಿಗೆ ತಿರುಗುತ್ತಿದೆ. ಮನುಷ್ಯರಿಗೆ ಕಾಮಾಲೆ ಬರುವಂತೆ ಮೀನಿಗೂ ಬರುತ್ತದೆಯೇ?

ನಲ್ಲಿ ನೀರನ್ನೇ ಬಳಸುತ್ತಿದ್ದೇನೆ. ಪಟ್ಟಿ ಅದ್ದಿ ನೋಡಿದರೆ ತೊಟ್ಟಿಯ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ; 7ಕ್ಕಿಂತ ಕೆಳಗೆ ಹುಳಿ) 6.4. ಒಳಗೆ ಭದ್ರಾ ಹೊಳೆಯ ಗುಂಡುಕಲ್ಲುಗಳಿವೆ, ಮಾವನವರ ತೋಟದಿಂದ ತಂದ ಹಳೆಯ ಕಾಫಿ ಬೊಡ್ಡೆಯೊಂದಿದೆ. ಬೊಡ್ಡೆಯನ್ನು ಎರಡು ದಿನ ಕುದಿಸಿಯೇ ಇಟ್ಟದ್ದು. ಊಟಕ್ಕೆ ಬೆಳಿಗ್ಗೆ ಸಂಜೆ ಒಣಗಿಸಿದ ಹುಳು, ಮಧ್ಯೆ ಅಂಗಡಿಯ ಮೀನಿನ ಕಾಳು. ಸತ್ತ ಮೀನುಗಳನ್ನು ಮಗಳು ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ದಿನಾ ಹೋಗಿ ನೋಡಿ ಬರುತ್ತಿದ್ದಾಳೆ. ಮೂರನೆಯದಕ್ಕೆ ಆ ಗತಿ ಬರಬಾರದು. ತಿಳಿದವರು ಹೇಳಿ.

ಕಡೂರು_ಬಾವಿ, ಜೂನ್ 17, ರಾತ್ರಿ 9.41

ನಿಮ್ಮ ನೀರೇ ಸರಿಯಿಲ್ಲ. ಇವು ಗಡಸು ನೀರಿನ ಮೀನುಗಳು. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಾತ್ರೆಯ ತಳದಲ್ಲಿ ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತದೆ. ಅದೇ ನೀರಿನಲ್ಲಿ ನನ್ನ ಸಿಕ್ಲಿಡ್‌ಗಳು ಐದು ವರ್ಷದಿಂದ ಮಿಂಚುತ್ತಿವೆ. ನಾನು ಒಂದು ಚಿಟಿಕೆ ಔಷಧವನ್ನೂ ಹಾಕಿಲ್ಲ.

ಗೊರೂರು_ಹಿನ್ನೀರು (ಹಾಸನ), ಜೂನ್ 17, ರಾತ್ರಿ 10.05

ಮೊದಲು ಆ ‘ಕಾಮಾಲೆ’ಯ ವಿಷಯ. ಅದು ರೋಗವಲ್ಲ ಅಣ್ಣಾ, ಅದು ಪ್ರಾಯಕ್ಕೆ ಬಂದ ಗಂಡು. ನೀವು ಹೇಳಿದ ನೀಲಿ ಮೈ, ಕಪ್ಪು ಅಡ್ಡಪಟ್ಟೆಯ ಮೀನಿಗೆ ಕೆನ್ಯಿ ಎನ್ನುತ್ತಾರೆ. ಮರಿಗಳಾಗಿದ್ದಾಗ ಎಲ್ಲವೂ ನೀಲಿ. ಹೆಣ್ಣು ಕೊನೆಯವರೆಗೂ ನೀಲಿಯಾಗಿಯೇ ಉಳಿಯುತ್ತದೆ, ಗಂಡು ಬೆಳೆದಂತೆ ಹಳದಿಯಾಗುತ್ತದೆ. ಇವುಗಳ ಹತ್ತಿರದ ಸಂಬಂಧಿ ಮೀನುಗಳಲ್ಲಿ ಸಾಮಾನ್ಯವಾಗಿ ಗಂಡೇ ಕಡುನೀಲಿ. ಇಲ್ಲಿ ಲೆಕ್ಕ ತಿರುಗುಮುರುಗಾಗಿರುವುದರಿಂದ ಬಹಳ ಜನ ಮೋಸ ಹೋಗುತ್ತಾರೆ.

ಈಗ ಕಹಿ ಮಾತು. ಮನೆಯಲ್ಲಿ ಸಾಕುವ, ಆಫ್ರಿಕಾದ ಮಲಾವಿ ಸರೋವರದ ಮೀನುಗಳಲ್ಲಿ ಅತಿ ಜಗಳಗಂಟ ಜಾತಿಗಳ ಹೆಸರು ಹೇಳಿ ಎಂದರೆ ನಾನು ಕೆನ್ಯಿ ಮತ್ತು ಆರಾಟಸ್ ಎನ್ನುತ್ತೇನೆ. ನಿಮ್ಮ ‘ಕಪ್ಪು ಗೆರೆ’ಯವು ಆರಾಟಸ್. ಎರಡೂ ನಿಮ್ಮ ತೊಟ್ಟಿಯಲ್ಲೇ ಇವೆ. ಹಳದಿಯದು ಲ್ಯಾಬಿಡೊಕ್ರೋಮಿಸ್ ಕೆರೂಲಿಯಸ್, ‘ಎಲೆಕ್ಟ್ರಿಕ್ ಯೆಲ್ಲೊ’ ಎಂದು ಮಾರುವುದು. ಇರುವುದರಲ್ಲೇ ಸಾಧು ಮೀನು. ಹಳದಿಗೆ ತಿರುಗುವ ಕೆನ್ಯಿ ಗಂಡಿಗೆ ಇನ್ನೊಂದು ಹಳದಿ ಮೀನು ಕಂಡರೆ ತನ್ನ ಎದುರಾಳಿಯೇ ಬಂದಂತೆ. ಆ ಚಿಂದಿಯಾದ ಬಾಲ ಯಾರ ಕೆಲಸ ಎಂದು ಯೋಚಿಸಿ.

ಕೋಟೆಯ_ನೀಲಿ, ಜೂನ್ 17, ರಾತ್ರಿ 10.12

ಅಯ್ಯೋ. ಆ ಮೀನಿಗೆ ಹುಷಾರಿಲ್ಲವೆಂದು ಮೂರು ದಿನದಿಂದ ಅದಕ್ಕೇ ಹೆಚ್ಚು ಹುಳು ಹಾಕುತ್ತಿದ್ದೆ.

ಹಾಸನ_ರಸಾಯನ, ಜೂನ್ 17, ರಾತ್ರಿ 10.48

ಹುಳು ಹಾಕುವುದನ್ನು ಈ ರಾತ್ರಿಯಿಂದಲೇ ನಿಲ್ಲಿಸಿ. ನಿಮ್ಮ ತೊಟ್ಟಿಯಲ್ಲಿರುವವು ‘ಎಂಬುನಾ’ ಗುಂಪಿನವು. ಮಲಾವಿ ಸರೋವರದ ಟೊಂಗಾ ಬೆಸ್ತರ ಮಾತಿನಲ್ಲಿ ಬಂಡೆಮೀನು ಎಂದು ಅರ್ಥ. ಇವುಗಳಲ್ಲಿ ಹೆಚ್ಚಿನವು ಬಂಡೆಗೆ ಅಂಟಿದ ಪಾಚಿಯನ್ನು ಕೆರೆದು ತಿಂದು ಬದುಕುತ್ತವೆ. ಹಾಗಾಗಿ ಕರುಳು ಉದ್ದ. ದಿನಕ್ಕೆರಡು ಹೊತ್ತು ಕೊಬ್ಬು, ಪ್ರೋಟೀನು ತುಂಬಿದರೆ ಹೊಟ್ಟೆ ಉಬ್ಬುತ್ತದೆ, ಮೀನು ಊಟ ಬಿಡುತ್ತದೆ, ಬಿಳಿ ಹಿಕ್ಕೆ ಬರುತ್ತದೆ. ಇದನ್ನು ‘ಮಲಾವಿ ಬ್ಲೋಟ್’ ಎನ್ನುತ್ತಾರೆ. ಕಾಯಿಲೆಗೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ, ಆದರೆ ತಪ್ಪು ಊಟ ಮತ್ತು ಕೆಟ್ಟ ನೀರು ಅದಕ್ಕೆ ಬಾಗಿಲು ತೆರೆದುಕೊಡುತ್ತವೆ. ಎರಡು ದಿನ ಉಪವಾಸ ಹಾಕಿ. ಆಮೇಲೆ ಸ್ಪಿರುಲಿನಾ ಎಂಬ ಪಾಚಿ ಇರುವ ಕಾಳು, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಕೊಡಿ. ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ.

ನೀರಿನ ವಿಷಯ ನಾಳೆ ಬರೆಯುತ್ತೇನೆ. ಅಲ್ಲಿಯವರೆಗೆ ಪಿಎಚ್ ಏರಿಸಲು ಏನನ್ನೂ ಹಾಕಬೇಡಿ.

ಮೂಡಿಗೆರೆ_ತೋಟ, ಜೂನ್ 18, ಬೆಳಿಗ್ಗೆ 6.30

ಪಿಎಚ್ 6.4 ಎಂದರೆ ನಮ್ಮ ತೋಟದ ಮಣ್ಣಿಗೆ ಹಬ್ಬ, ಇವಕ್ಕೆ ಶಿಕ್ಷೆ. ಮಲೆನಾಡಿನ ಮಳೆಗೆ ಸುಣ್ಣವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಅದಕ್ಕೇ ನಾವು ಕೃಷಿ ಸುಣ್ಣ, ಡಾಲಮೈಟ್ ಎರಚುವುದು. ಒಂದು ಹಿಡಿ ಕೃಷಿ ಸುಣ್ಣವನ್ನು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟರೆ ಕೆಲಸ ಮುಗಿಯಿತು.

ಅರಸೀಕೆರೆ_ತೆಂಗು, ಜೂನ್ 18, ಬೆಳಿಗ್ಗೆ 7.02

ಅಷ್ಟೆಲ್ಲ ಯಾಕೆ, ಮನೆಯಲ್ಲಿ ಎಲೆಅಡಿಕೆಗೆ ಇಟ್ಟಿರುವ ಸುಣ್ಣ ಒಂದು ಚಮಚ ಕದಡಿ ಹಾಕಿ. ತಕ್ಷಣ ಏರುತ್ತದೆ.

ಹಾಸನ_ರಸಾಯನ, ಜೂನ್ 18, ಬೆಳಿಗ್ಗೆ 7.10

ಬೇಡ! ಬೇಡ! ಎಲೆಅಡಿಕೆಯ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ತಿಳಿನೀರಿನ ಪಿಎಚ್ 12ರ ಹತ್ತಿರ ಇರುತ್ತದೆ. ಕಿವಿರು ಸುಟ್ಟು ಹೋಗುತ್ತದೆ. ಮೂಡಿಗೆರೆಯವರು ಹೇಳಿದ ಕೃಷಿ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಬೇರೆ ಪದಾರ್ಥ. ನೀರು ಹುಳಿಯಿದ್ದಷ್ಟು ಬೇಗ ಕರಗುತ್ತದೆ, ಪಿಎಚ್ 8ರ ಹತ್ತಿರ ಬಂದಾಗ ಕರಗುವುದು ಬಹಳ ನಿಧಾನವಾಗುತ್ತದೆ. ತನ್ನಷ್ಟಕ್ಕೆ ತಾನೇ ಲಗಾಮು ಹಾಕಿಕೊಳ್ಳುವ ವಸ್ತು. ಆದರೆ ಪುಡಿಯಾಗಿ ಹಾಕಿದರೆ ನೀರು ಹಾಲಿನಂತೆ ಕದಡುತ್ತದೆ. ಗೊಬ್ಬರದ ಅಂಗಡಿಯ ಚೀಲದಲ್ಲಿ ಬೇರೆ ಏನು ಬೆರೆತಿದೆಯೋ ತಿಳಿಯುವುದಿಲ್ಲ. ಕಡಲ ಚಿಪ್ಪು ಅಥವಾ ಹವಳದ ಚೂರು ಉತ್ತಮ.

ಮೂಡಿಗೆರೆ_ತೋಟ, ಜೂನ್ 18, ಬೆಳಿಗ್ಗೆ 7.25

ಚೀಲದ ಬಗ್ಗೆ ಒಪ್ಪಿದೆ ಮೇಷ್ಟ್ರೇ. ಸುಣ್ಣದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಮಳೆಗೆ ಮೊದಲು ನಾವೆಲ್ಲ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಅದರಲ್ಲಿ ಮೈಲುತುತ್ತ ಇರುತ್ತದೆ, ಅಂದರೆ ತಾಮ್ರ. ತಾಮ್ರ ಮೀನಿಗೆ ವಿಷ. ತೋಟದ ಮನೆಗಳಲ್ಲಿ ಹಂಚಿನಿಂದ ಇಳಿದ ಮಳೆನೀರನ್ನು ‘ಶುದ್ಧ’ ಎಂದು ತೊಟ್ಟಿಗೆ ಹಾಕುವವರಿದ್ದಾರೆ. ಸಿಂಪಡಣೆಯ ಕಾಲದಲ್ಲಿ ಆ ನೀರನ್ನು ಮುಟ್ಟಬೇಡಿ. ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಗೆ ಅದ್ದಬೇಡಿ. ಹಾಗೆ ನನ್ನ ಸಿಗಡಿಗಳನ್ನು ಕಳೆದುಕೊಂಡಿದ್ದೇನೆ.

ಹಾಸನ_ರಸಾಯನ, ಜೂನ್ 18, ಸಂಜೆ 6.15

ನಿನ್ನೆ ಹೇಳಿದಂತೆ ನೀರಿನ ವಿಷಯ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನು, ಪಾಠದಂತೆ ಕಂಡರೆ ಸಹಿಸಿಕೊಳ್ಳಿ.

ಮಲಾವಿ ಸರೋವರದ ಪಿಎಚ್ ಸುಮಾರು 7.7ರಿಂದ 8.8ರ ನಡುವೆ. ಆಫ್ರಿಕಾದ ಇನ್ನೊಂದು ಸಿಕ್ಲಿಡ್ ಸರೋವರ ಟಾಂಗನೀಕಾದ್ದು 9ರ ಆಸುಪಾಸು. ಟಾಂಗನೀಕಾ 1,470 ಮೀಟರ್ ಆಳವಿದೆ, ಲೋಕದಲ್ಲಿ ಅದಕ್ಕಿಂತ ಆಳವಾದ ಸರೋವರ ಬೈಕಲ್ ಒಂದೇ. ಅಷ್ಟು ದೊಡ್ಡ ನೀರಿನ ರಾಶಿಯ ಗುಣ ಒಂದು ಮಳೆಗೆ ಬದಲಾಗುವುದಿಲ್ಲ. ನಿಮ್ಮ ತೊಟ್ಟಿಯಲ್ಲಿರುವುದು ಹೆಚ್ಚೆಂದರೆ 250 ಲೀಟರ್. ಮಳೆಗಾಲದಲ್ಲಿ ನಮ್ಮ ಕೆರೆ ಹೊಳೆಗಳ ನೀರು ಇನ್ನಷ್ಟು ಸಪ್ಪೆಯಾಗುತ್ತದೆ, ಖನಿಜಾಂಶ ಕಡಿಮೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾಡುವಾಗ ಆಮ್ಲ ಹುಟ್ಟುತ್ತದೆ. ಗಡಸು ನೀರಿನ ಕಾರ್ಬೊನೇಟ್ ಆ ಆಮ್ಲವನ್ನು ನುಂಗಿಕೊಳ್ಳುತ್ತದೆ. ಸಪ್ಪೆ ನೀರಿನಲ್ಲಿ ನುಂಗಲು ಏನೂ ಇಲ್ಲ, ಹಾಗಾಗಿ ಪಿಎಚ್ ಜಾರುತ್ತಾ ಹೋಗುತ್ತದೆ. ಮೇಲಿಂದ ನಿಮ್ಮ ಕಾಫಿ ಬೊಡ್ಡೆ ಬೇರೆ ಒಗರು ಬಿಡುತ್ತಿದೆ. ಎರಡು ದಿನ ಕುದಿಸಿದರೆ ಬಣ್ಣ ಹೋಗುತ್ತದೆ, ಗುಣ ಹೋಗುವುದಿಲ್ಲ.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಪಾಯ ಇರುವುದು ಮುಂದಿನದರಲ್ಲಿ. ಪಿಎಚ್ 6.5ಕ್ಕಿಂತ ಕೆಳಗೆ ಆ ಬ್ಯಾಕ್ಟೀರಿಯಾಗಳ ಕೆಲಸ ಮಂದವಾಗುತ್ತದೆ. ಅಮೋನಿಯಾ ಕೂಡಿಬೀಳುತ್ತದೆ. ಹುಳಿ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ಎಂಬ ಅಷ್ಟೇನೂ ವಿಷವಲ್ಲದ ರೂಪದಲ್ಲಿ ಇರುವುದರಿಂದ ಮೀನು ಹೇಗೋ ತಡೆದುಕೊಂಡಿರುತ್ತದೆ. ಆಗ ನೀವು ಗಾಬರಿಯಿಂದ ಪಿಎಚ್ ಏರಿಸಿದಿರಿ ಎಂದುಕೊಳ್ಳಿ. 25 ಡಿಗ್ರಿ ಶಾಖದಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿ ಇರುವುದಿಲ್ಲ. 8ಕ್ಕೆ ಬಂದಾಗ ನೂರಕ್ಕೆ ಐದರಷ್ಟು. 9ಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಅದೇ ನೀರು, ಅದೇ ಮೀನು, ಒಂದು ಚಮಚ ಪುಡಿ, ಬೆಳಗಾಗುವಷ್ಟರಲ್ಲಿ ಎಲ್ಲವೂ ಮೇಲೆ ತೇಲುತ್ತಿರುತ್ತವೆ. ಜನ ಪುಡಿಯನ್ನು ಬೈಯುತ್ತಾರೆ. ಕೊಂದದ್ದು ಅವಸರ.

ಆದ್ದರಿಂದ ಮೊದಲು ಹನಿ ಹಾಕಿ ನೋಡುವ ಕಿಟ್ ತಂದು ಅಮೋನಿಯಾ ಅಳೆಯಿರಿ. ಇದ್ದರೆ ದಿನವೂ ನೂರಕ್ಕೆ ಹತ್ತು ಹದಿನೈದು ಪಾಲು ನೀರು ಬದಲಿಸುತ್ತಾ ಅದನ್ನು ಸೊನ್ನೆಗೆ ತನ್ನಿ. ಬೊಡ್ಡೆಯನ್ನು ತೆಗೆಯಿರಿ. ಆಮೇಲೆ ಚಿಪ್ಪಿನ ಚೂರುಗಳನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗೆ ಇಡಿ. ಪಿಎಚ್ ದಿನಕ್ಕೆ 0.2ಕ್ಕಿಂತ ಹೆಚ್ಚು ಏರಬಾರದು.

ಕಡೂರು_ಬಾವಿ, ಜೂನ್ 18, ಸಂಜೆ 6.40

ಇಷ್ಟೆಲ್ಲ ಲೆಕ್ಕಾಚಾರದ ಬದಲು ವಾರಕ್ಕೆ ಮೂರು ಕ್ಯಾನ್ ನಮ್ಮ ನೀರು ಒಯ್ಯಿರಿ. ಬೇಕಾದರೆ ನಾನೇ ತುಂಬಿಸಿ ಕೊಡುತ್ತೇನೆ.

ಹಾಸನ_ರಸಾಯನ, ಜೂನ್ 18, ಸಂಜೆ 6.52

ನಿಮ್ಮ ಮನಸ್ಸು ದೊಡ್ಡದು ಸರ್, ಆದರೆ ನಲವತ್ತು ಕಿಲೋಮೀಟರ್ ನೀರು ಹೊತ್ತು ಎಷ್ಟು ವಾರ ನಡೆಸಲು ಸಾಧ್ಯ? ಒಂದು ವಾರ ತಪ್ಪಿದರೆ ಮತ್ತೆ ಸಪ್ಪೆ ನೀರು, ಮುಂದಿನ ವಾರ ಮತ್ತೆ ಗಡಸು. ಮೀನಿಗೆ ಏರಿಳಿತವೇ ದೊಡ್ಡ ಹಿಂಸೆ. 7.6ರಲ್ಲಿ ಅಲುಗಾಡದೆ ನಿಂತ ನೀರು, ಈ ದಿನ 8.4, ನಾಳೆ 7 ಆಗುವ ನೀರಿಗಿಂತ ಎಷ್ಟೋ ಮೇಲು.

ಕಡೂರು_ಬಾವಿ, ಜೂನ್ 18, ಸಂಜೆ 7.00

ನನ್ನ ನೀರು ಎಂದೂ ಅಲುಗಾಡಿಲ್ಲ. ಅಷ್ಟೇ ಹೇಳಿದೆ.

ಪುತ್ತೂರಿಂದ_ಹಾಸನಕ್ಕೆ, ಜೂನ್ 18, ರಾತ್ರಿ 8.30

ಚಿಪ್ಪು ಬೇಕಾದರೆ ಕರಾವಳಿಯ ನೆಂಟರನ್ನು ಕೇಳಿ. ಮರುವಾಯಿ ಸಾರು ಮಾಡಿದ ಮನೆಗಳಲ್ಲಿ ಹಿತ್ತಲಿಗೆ ಎಸೆದ ಚಿಪ್ಪು ರಾಶಿ ಬಿದ್ದಿರುತ್ತದೆ. ನಾನು ಒಂದು ಚೀಲ ತಂದು ಮಾಂಸದ ಎಳೆ ಇಲ್ಲದಂತೆ ಉಜ್ಜಿ, ಅರ್ಧ ಗಂಟೆ ಕುದಿಸಿ, ಬಿಸಿಲಿಗೆ ಒಣಗಿಸಿ, ಒನಕೆಯಿಂದ ಕುಟ್ಟಿ ಇಟ್ಟುಕೊಂಡಿದ್ದೇನೆ. ಮೂರು ವರ್ಷವಾದರೂ ಮುಗಿದಿಲ್ಲ.

ಕಲ್ಲಿನ ಬಗ್ಗೆಯೂ ಹೇಳುತ್ತೇನೆ. ಹೊಳೆಯ ಗುಂಡುಕಲ್ಲು ಬಹುತೇಕ ಕಣಶಿಲೆ, ನೀರಿಗೆ ಏನನ್ನೂ ಕೊಡುವುದಿಲ್ಲ, ಕೆಡಿಸುವುದೂ ಇಲ್ಲ. ಸುಣ್ಣದ ಕಲ್ಲು ಹೌದೋ ಅಲ್ಲವೋ ಎಂದು ತಿಳಿಯಲು ಎರಡು ಹನಿ ವಿನೆಗರ್ ಬಿಡಿ. ನೊರೆಯೆದ್ದರೆ ಸುಣ್ಣ.

ಸಕಲೇಶಪುರ_ಮಂಜು, ಜೂನ್ 18, ರಾತ್ರಿ 9.15

ಎಲ್ಲರೂ ಪಿಎಚ್ ಹಿಡಿದುಕೊಂಡಿದ್ದೀರಿ. ಶಾಖದ ಬಗ್ಗೆ ಯಾರೂ ಕೇಳಲಿಲ್ಲವಲ್ಲ? ಜೂನ್‌ನಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ. ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಈ ಮೀನಿಗೆ 24ರಿಂದ 27 ಡಿಗ್ರಿ ಬೇಕು. 20ಕ್ಕೆ ಇಳಿದರೆ ತಿಂದದ್ದು ಜೀರ್ಣವಾಗುವುದೇ ಕಷ್ಟ. ಹೊಟ್ಟೆ ಉಬ್ಬಿದ್ದಕ್ಕೆ ಇದೂ ಕಾರಣವಿರಬಹುದು. ಹೀಟರ್ ಇದೆಯೇ?

ಕೋಟೆಯ_ನೀಲಿ, ಜೂನ್ 18, ರಾತ್ರಿ 9.33

100 ವಾಟ್‌ನದು ಒಂದಿದೆ. ಈಗ ನೋಡಿದೆ, 21 ಡಿಗ್ರಿ ತೋರಿಸುತ್ತಿದೆ. ಕಳೆದ ವಾರ ಒಂದು ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲ.

ಸಕಲೇಶಪುರ_ಮಂಜು, ಜೂನ್ 18, ರಾತ್ರಿ 9.50

100 ವಾಟ್ ಸಾಲದು. ಲೀಟರಿಗೆ ಸುಮಾರು ಒಂದು ವಾಟ್ ಲೆಕ್ಕ. ಒಂದೇ 300ರದಕ್ಕಿಂತ 150ರವು ಎರಡು ಹಾಕಿ. ಒಂದು ಕೈಕೊಟ್ಟರೂ ಇನ್ನೊಂದು ಕಾಯುತ್ತದೆ. ಒಂದು ವೇಳೆ ಒಂದು ಆರದೆ ಉರಿಯುತ್ತಲೇ ಇದ್ದರೂ ತೊಟ್ಟಿ ಸಾರಿನಂತೆ ಕಾಯುವುದಿಲ್ಲ.

ಕರೆಂಟ್ ಹೋದಾಗ ನಾನು ಮಾಡುವುದು: ಬ್ಯಾಟರಿಯ ಏರ್ ಪಂಪ್ ಹಚ್ಚುತ್ತೇನೆ, ಗಾಜಿನ ಮೂರು ಕಡೆಗೆ ಥರ್ಮೋಕೋಲ್ ಹಾಳೆ, ಮೇಲೊಂದು ಕಂಬಳಿ. ಊಟ ಬಂದ್. ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ, ಕರೆಂಟ್ ಆರು ಗಂಟೆಗೂ ಮಿಕ್ಕಿ ಹೋದಾಗ ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತವೆ, ನೀರು ಕೊಳೆಯುತ್ತದೆ. ಕರೆಂಟ್ ಬಂದೊಡನೆ ಆ ಕೊಳೆತ ನೀರೆಲ್ಲ ತೊಟ್ಟಿಗೆ ನುಗ್ಗುತ್ತದೆ. ಡಬ್ಬಿ ಬಿಚ್ಚಿ, ಆ ನೀರು ಚೆಲ್ಲಿ, ತೊಟ್ಟಿಯ ನೀರಿನಲ್ಲೇ ಸ್ಪಂಜು ಹಿಂಡಿ, ಆಮೇಲೆ ಸ್ವಿಚ್ ಹಾಕಿ. ನಾನು ಇದನ್ನು ಕಲಿತದ್ದು ಹನ್ನೊಂದು ಮೀನುಗಳು ಹೋದ ಮೇಲೆ.

ಬೇಲೂರು_ಅಂಗಳ, ಜೂನ್ 19, ಮಧ್ಯಾಹ್ನ 2.10

ನಾನು ಎಂಟು ವರ್ಷದಿಂದ ಸಾಕುತ್ತಿದ್ದೇನೆ. ನಲ್ಲಿ ನೀರಿಗೆ ನಾನು ಮಾಡುವುದು ಇಷ್ಟೇ: ನೂರು ಲೀಟರಿನ ಡ್ರಮ್ಮಿನಲ್ಲಿ ಹಿಂದಿನ ದಿನವೇ ತುಂಬಿಸಿ, ಗಾಳಿ ಬಿಟ್ಟು, ಅಡುಗೆ ಸೋಡಾ ಒಂದು ಟೀ ಚಮಚ, ಎಪ್ಸಮ್ ಉಪ್ಪು ಒಂದು ಟೀ ಚಮಚ ಕದಡಿ ಇಡುತ್ತೇನೆ. ಭಾನುವಾರ ಬೆಳಿಗ್ಗೆ ಕಾಲು ಪಾಲು ಬದಲಿಸುತ್ತೇನೆ. ಪುಡಿಯನ್ನು ತೊಟ್ಟಿಗೆ ನೇರವಾಗಿ ಹಾಕುವುದೇ ಇಲ್ಲ, ಡ್ರಮ್ಮಿಗೆ ಮಾತ್ರ. ಮೊದಲು ಒಂದೆರಡು ತಿಂಗಳು ಅಳೆದು ನೋಡಿದೆ, ಈಗ ಕೈಗೆ ಬಂದಿದೆ.

ಅಡುಗೆ ಸೋಡಾ ಎಂದರೆ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ಸೋಡಾ ಅಲ್ಲ.

ಹಾಸನ_ರಸಾಯನ, ಜೂನ್ 19, ಸಂಜೆ 5.30

ಅಕ್ಕ ಹೇಳಿದ್ದು ಸರಿಯಾದ ಕ್ರಮ. ಲೆಕ್ಕ ಬೇಕಾದವರಿಗೆ: 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಕಾರ್ಬೊನೇಟ್ ಗಡಸುತನವನ್ನು ಒಂದು ಜರ್ಮನ್ ಡಿಗ್ರಿಯಷ್ಟು (ಅದು ಗಡಸುತನದ ಒಂದು ಅಳತೆ) ಏರಿಸುತ್ತದೆ.

ಗೊರೂರು_ಹಿನ್ನೀರು, ಜೂನ್ 19, ರಾತ್ರಿ 9.00

ಮತ್ತೆ ಕೆನ್ಯಿಗೆ ಬರೋಣ. ನೀರು ಎಷ್ಟೇ ಸರಿಮಾಡಿದರೂ ಆ ಗಂಡು ಅಲ್ಲಿರುವವರೆಗೆ ಹಳದಿಯವು ಉಳಿಯುವುದಿಲ್ಲ. ಅದನ್ನು ತೆಗೆಯಲೇಬೇಕು. ಉಳಿದವಕ್ಕೆ ಕಲ್ಲನ್ನು ನೆಲದಿಂದ ಮುಕ್ಕಾಲು ಎತ್ತರದವರೆಗೆ ಪೇರಿಸಿ, ಒಳಗೆ ಹೊರಗೆ ಹೋಗುವಂತೆ ಹತ್ತಾರು ಗವಿಗಳನ್ನು ಮಾಡಿ. ಕಲ್ಲನ್ನು ಮರಳಿನ ಮೇಲೆ ಇಡಬೇಡಿ, ಗಾಜಿನ ತಳದ ಮೇಲೆ ತೆಳು ಹಾಳೆ ಹಾಸಿ ಅದರ ಮೇಲಿಟ್ಟು ಆಮೇಲೆ ಮರಳು ತುಂಬಿ. ಇವು ಮರಳು ತೋಡುವ ಮೀನುಗಳು. ಬುಡ ಸಡಿಲವಾದರೆ ಕಲ್ಲು ಉರುಳಿ ಗಾಜು ಒಡೆಯುತ್ತದೆ.

ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿ. ಗಂಡು ಒಂದಕ್ಕೆ ಹೆಣ್ಣು ಮೂರೋ ನಾಲ್ಕೋ ಇರಲಿ.

ಮೂಡಿಗೆರೆ_ತೋಟ, ಜೂನ್ 19, ರಾತ್ರಿ 9.18

ಸಾಯುತ್ತಿರುವ ತೊಟ್ಟಿಗೆ ಇನ್ನಷ್ಟು ಮೀನು ಹಾಕಿ ಎನ್ನುತ್ತೀರಾ? ಇದು ಯಾವ ನ್ಯಾಯ? ಒಂದು ಕೊಟ್ಟಿಗೆಯಲ್ಲಿ ಹತ್ತು ಹೋರಿ ಕಟ್ಟಿದರೆ ತಿವಿದಾಟ ನಿಲ್ಲುತ್ತದೆಯೇ?

ಗೊರೂರು_ಹಿನ್ನೀರು, ಜೂನ್ 19, ರಾತ್ರಿ 9.36

ಈಗಲೇ ಅಲ್ಲ ಸರ್, ನೀರು ಹದಕ್ಕೆ ಬಂದ ಮೇಲೆ. ಹೋರಿಗೆ ಹಗ್ಗವಿರುತ್ತದೆ, ಮೀನಿಗೆ ಇರುವುದು ಗಡಿ. ನಾಲ್ಕೈದು ಮೀನುಗಳಿದ್ದರೆ ಯಜಮಾನ ಗಂಡು ಒಂದನ್ನೇ ಹಿಡಿದು ಸಾಯುವವರೆಗೆ ಅಟ್ಟುತ್ತದೆ. ಇಪ್ಪತ್ತು ಇದ್ದರೆ ಯಾವುದನ್ನು ಅಟ್ಟಬೇಕೆಂದು ತಿಳಿಯದೆ ಏಟು ಎಲ್ಲರಿಗೂ ಹಂಚಿಹೋಗುತ್ತದೆ. ಎಂಬುನಾ ಸಾಕುವ ಹೆಚ್ಚಿನವರು ಇದನ್ನೇ ಮಾಡುವುದು. ಆದರೆ ಷರತ್ತು ಇದೆ: ಫಿಲ್ಟರ್ ಗಂಟೆಗೆ ತೊಟ್ಟಿಯ ಐದಾರು ಪಟ್ಟು ನೀರು ತಿರುಗಿಸುವಂತಿರಬೇಕು, ವಾರದ ನೀರು ಬದಲಾವಣೆ ತಪ್ಪಬಾರದು.

ಮೂಡಿಗೆರೆ_ತೋಟ, ಜೂನ್ 19, ರಾತ್ರಿ 9.44

ಏಟು ಹಂಚಿದರೂ ಏಟು ಏಟೇ. ಜಗಳಗಂಟ ಜಾತಿಯನ್ನೇ ತರದೆ ಇರುವುದು ಒಳ್ಳೆಯದು. ಇದನ್ನು ನಾನು ಒಪ್ಪುವುದಿಲ್ಲ.

ಬೇಲೂರು_ಅಂಗಳ, ಜೂನ್ 19, ರಾತ್ರಿ 10.02

ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನಲ್ಲಿ ಹಳದಿಯವು ಮಾತ್ರ ಇವೆ, ಹನ್ನೆರಡು. ತಳ್ಳಾಟ ಇದೆ, ಗಾಯವಿಲ್ಲ.

ಅರಸೀಕೆರೆ_ತೆಂಗು, ಜೂನ್ 20, ಬೆಳಿಗ್ಗೆ 8.20

ಆ ಗಂಡನ್ನು ಬಸವನಹಳ್ಳಿ ಕೆರೆಗೆ ಬಿಟ್ಟುಬಿಡಿ. ಅದೂ ಬದುಕಲಿ, ನಿಮಗೂ ನೆಮ್ಮದಿ.

ಸಕಲೇಶಪುರ_ಮಂಜು, ಜೂನ್ 20, ಬೆಳಿಗ್ಗೆ 8.31

ದಯವಿಟ್ಟು ಬೇಡ. ಸಾಕುಮೀನನ್ನು ಕೆರೆಗೆ ಬಿಡುವುದು ಪುಣ್ಯವಲ್ಲ. ನಮ್ಮ ಕೆರೆಗಳಲ್ಲಿ ಗಾಳಕ್ಕೆ ಸಿಗುವ ಜಿಲೇಬಿ ಮೀನು ಎಲ್ಲಿಂದ ಬಂತು ಗೊತ್ತೇ? ಅದು ತಿಲಾಪಿಯ, ಅದೂ ಆಫ್ರಿಕನ್ ಸಿಕ್ಲಿಡ್ಡೇ. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಮರಿಗಳನ್ನು ಬಾಯಲ್ಲಿ ಕಾಪಾಡುತ್ತದೆ, ಯಾವ ನೀರಿಗೂ ಜಗ್ಗುವುದಿಲ್ಲ. ನಮ್ಮಜ್ಜ ಹೇಳುತ್ತಿದ್ದ ಊರ ಮೀನುಗಳ ಹೆಸರುಗಳಲ್ಲಿ ಅರ್ಧ ನನ್ನ ಮಕ್ಕಳಿಗೆ ತೋರಿಸಲು ಈಗ ನಮ್ಮ ಕೆರೆಯಲ್ಲಿ ಇಲ್ಲ.

ಅರಸೀಕೆರೆ_ತೆಂಗು, ಜೂನ್ 20, ಬೆಳಿಗ್ಗೆ 8.40

ಒಂದೇ ಒಂದು ಮೀನಿನಿಂದ ಏನಾಗುತ್ತದೆ? ಅದೂ ನಿಮ್ಮ ಸಪ್ಪೆ ನೀರಿನಲ್ಲಿ ಅದು ಬದುಕುವುದೇ ಇಲ್ಲ ಎಂದು ನೀವೇ ಹೇಳುತ್ತಿದ್ದೀರಿ.

ಹಾಸನ_ರಸಾಯನ, ಜೂನ್ 20, ಬೆಳಿಗ್ಗೆ 9.05

ಬದುಕದಿದ್ದರೆ ನರಳಿ ಸಾಯುತ್ತದೆ, ಬದುಕಿದರೆ ಬೇರೆಯದನ್ನು ಸಾಯಿಸುತ್ತದೆ, ಜೊತೆಗೆ ರೋಗವನ್ನೂ ಒಯ್ಯುತ್ತದೆ. ಈ ಸಿಕ್ಲಿಡ್‌ಗಳ ತವರಿನಲ್ಲೇ ಅದು ನಡೆದಿದೆ. ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಮೀನನ್ನು ಬಿಟ್ಟರು. 1980ರ ದಶಕದ ಹೊತ್ತಿಗೆ ಅಲ್ಲಿ ಮಾತ್ರ ಇದ್ದ ನೂರಾರು ಸಿಕ್ಲಿಡ್ ಜಾತಿಗಳು ಕಾಣೆಯಾದವು. ಬಿಟ್ಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ.

ಪುತ್ತೂರಿಂದ_ಹಾಸನಕ್ಕೆ, ಜೂನ್ 20, ಬೆಳಿಗ್ಗೆ 10.15

ವಿಷಯಾಂತರಕ್ಕೆ ಕ್ಷಮಿಸಿ. ಸಿಕ್ಲಿಡ್ ಎಂದರೆ ಆಫ್ರಿಕಾ, ಅಮೆರಿಕ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ದೇಶದ ಸ್ವಂತ ಸಿಕ್ಲಿಡ್‌ಗಳು ಮೂರಿವೆ. ಅದರಲ್ಲಿ ಒಂದರ ಹೆಸರೇ ಎಟ್ರೋಪ್ಲಸ್ ಕೆನರೆನ್ಸಿಸ್, ನಮ್ಮ ಕನ್ನಡ ಜಿಲ್ಲೆಯ ಹೆಸರು ಹೊತ್ತದ್ದು. 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟದ್ದು. ಬಿಸಿಲೆ ಘಾಟಿ ಇಳಿದರೆ ಸಿಗುವ ಕುಮಾರಧಾರಾ, ಆಚೆಯ ನೇತ್ರಾವತಿ, ಇವೇ ಅದರ ಮನೆ. ಕಡುಬಣ್ಣದ ಮೈಮೇಲೆ ಮುತ್ತು ಚೆಲ್ಲಿದಂತೆ ಚುಕ್ಕೆ. ಚಿಕ್ಕವನಿದ್ದಾಗ ಹೊಳೆಯಲ್ಲಿ ಮಂಡಿಯುದ್ದ ನೀರಿನಲ್ಲಿ ನಿಂತು ನೋಡಿದ್ದೇನೆ, ಗಂಡ ಹೆಂಡತಿ ಎರಡೂ ಸೇರಿ ಮರಿಗಳ ಮಂದೆಯನ್ನು ಕಾಯುತ್ತಿದ್ದವು. ಹಿಡಿದು ತನ್ನಿ ಎಂದು ಹೇಳುತ್ತಿಲ್ಲ. ಅದು ಅಲ್ಲೇ ಇರಬೇಕು. ಹೋದಾಗ ಬಗ್ಗಿ ನೋಡಿ ಎನ್ನುತ್ತಿದ್ದೇನೆ.

ಮೂಡಿಗೆರೆ_ತೋಟ, ಜೂನ್ 20, ಬೆಳಿಗ್ಗೆ 10.40

ಇದು ನನಗೆ ತಿಳಿದಿರಲಿಲ್ಲ. ಬಹಳ ಸಂತೋಷವಾಯಿತು. ಶೃಂಗೇರಿಯ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದಿದ್ದೇನೆ, ಘಟ್ಟದ ಕೆಳಗೆ ಇಂಥದ್ದೊಂದಿದೆ ಎಂದು ಯಾರೂ ಹೇಳಿರಲಿಲ್ಲ.

ಗೊರೂರು_ಹಿನ್ನೀರು, ಜೂನ್ 20, ಮಧ್ಯಾಹ್ನ 1.00

ಕೆನ್ಯಿಯನ್ನು ನನಗೆ ಕೊಡಿ. ಆರು ಅಡಿಯ ತೊಟ್ಟಿ ಇದೆ, ಅದರ ಸಮಕ್ಕೆ ನಿಲ್ಲುವ ಮೀನುಗಳೇ ಇವೆ. ಭಾನುವಾರ ಬೇಲೂರಿನವರೆಗೆ ಬರುತ್ತೇನೆ, ನೀವೂ ಅಲ್ಲಿಯವರೆಗೆ ಬನ್ನಿ. ಹಿಂದಿನ ದಿನ ಊಟ ಹಾಕಬೇಡಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಹಿಡಿಯಲು ಎಲ್ಲ ಕಲ್ಲನ್ನೂ ತೆಗೆಯಬೇಕಾಗುತ್ತದೆ, ಬೇರೆ ದಾರಿಯಿಲ್ಲ.

ಕೋಟೆಯ_ನೀಲಿ, ಜೂನ್ 20, ರಾತ್ರಿ 9.10

ಅಮೋನಿಯಾ ಅಳೆದೆ. ಗಾಜಿನ ನಳಿಕೆಯ ನೀರು ಹಸಿರಾಯಿತು, ಲೀಟರಿಗೆ 2 ಮಿಲಿಗ್ರಾಂ. ಮೇಷ್ಟ್ರೇ, ನೀವು ತಡೆಯದಿದ್ದರೆ 18ರ ಬೆಳಿಗ್ಗೆಯೇ ಸುಣ್ಣ ಕದಡುತ್ತಿದ್ದೆ. ಬಟ್ಟಲು ಕೈಯಲ್ಲಿತ್ತು.

ಬೊಡ್ಡೆ ತೆಗೆದೆ. ಹೀಟರ್ ಎರಡು ತಂದೆ. ಈ ದಿನ ಮೂವತ್ತು ಲೀಟರ್ ಬದಲಿಸಿದೆ.

ಹಾಸನ_ರಸಾಯನ, ಜೂನ್ 20, ರಾತ್ರಿ 9.25

ಒಳ್ಳೆಯದು. ಶಾಖವನ್ನೂ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ. ಮಳೆಗಾಲದಲ್ಲಿ ನೀರು ಕೆಂಪಾದಾಗ ಕ್ಲೋರಿನ್ ಹೆಚ್ಚು ಹಾಕಿರಬಹುದು. ಮೂಗಿಗೆ ವಾಸನೆ ಬಂದರೆ ಒಂದು ದಿನ ಗಾಳಿಯಾಡಿಸಿಯೇ ಬಳಸಿ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಸಾಕು.

ಕೋಟೆಯ_ನೀಲಿ, ಜುಲೈ 24, ರಾತ್ರಿ 8.45

ತಿಂಗಳ ಮೇಲಾಯಿತು, ಸುದ್ದಿ ಹೇಳದಿದ್ದರೆ ತಪ್ಪಾಗುತ್ತದೆ. ಹೊರಗೆ ಪುಷ್ಯ ಮಳೆ ಬಿಟ್ಟೂಬಿಡದೆ ಸುರಿಯುತ್ತಿದೆ. ತೊಟ್ಟಿಯ ಪಿಎಚ್ 7.8, ಎರಡು ವಾರದಿಂದ ಅಲ್ಲೇ ನಿಂತಿದೆ. ಶಾಖ 26. ಅಮೋನಿಯಾ ಸೊನ್ನೆ. ನಡುವೆ ಜೂನ್ 23ರಂದು ಒಂದು ಆರಾಟಸ್ ಹೋಯಿತು, ಅದರ ಹೊಟ್ಟೆ ಮೊದಲೇ ಉಬ್ಬಿತ್ತು. ಆಮೇಲೆ ಯಾವುದೂ ಸತ್ತಿಲ್ಲ. ಕೆನ್ಯಿ ಗಂಡು ಹಾಸನ ಸೇರಿದ ಮರುದಿನವೇ ಹಳದಿಯವೆರಡೂ ಕಲ್ಲಿನಿಂದ ಹೊರಗೆ ಬಂದವು. ಮಗಳು ಶಾಲೆಯ ಚೀಲವನ್ನೂ ಇಳಿಸದೆ ಅವುಗಳ ಮುಂದೆ ಕುಳಿತಿದ್ದಳು.

ಈಗ ಹೊಸ ಪ್ರಶ್ನೆ. ನಿನ್ನೆಯಿಂದ ಒಂದು ಕಿತ್ತಳೆ ಮೀನಿನ ಗಂಟಲು ಕೆಳಗೆ ಊದಿದೆ. ಬಾಯಿ ಬಿಗಿಹಿಡಿದು ಏನನ್ನೋ ಮೆಲ್ಲುವಂತೆ ಮಾಡುತ್ತದೆ, ಕಾಳು ಹಾಕಿದರೆ ಮುಖ ತಿರುಗಿಸುತ್ತದೆ. ಮತ್ತೆ ಅದೇ ಕಾಯಿಲೆಯೇ?

ಬೇಲೂರು_ಅಂಗಳ, ಜುಲೈ 24, ರಾತ್ರಿ 8.52

ಅಲ್ಲ ತಮ್ಮಾ! ಹೊಟ್ಟೆ ಉಬ್ಬುವುದು ಬೇರೆ, ಗಂಟಲು ಊದುವುದು ಬೇರೆ. ಅವಳ ಬಾಯಲ್ಲಿ ಮೊಟ್ಟೆಗಳಿವೆ. ಗಂಡಿನ ಕೆಳಗಿನ ರೆಕ್ಕೆಯಲ್ಲಿ ಹಳದಿ ಚುಕ್ಕೆಗಳಿರುತ್ತವೆ, ನೋಡಲು ಮೊಟ್ಟೆಯಂತೆಯೇ ಇರುತ್ತವೆ. ತಾನಿಟ್ಟ ಮೊಟ್ಟೆಗಳನ್ನು ಬಾಯಿಗೆ ತೆಗೆದುಕೊಂಡ ಮೇಲೆ ಆ ಚುಕ್ಕೆಗಳನ್ನೂ ಆರಿಸಲು ಹೋಗುತ್ತಾಳೆ, ಆಗಲೇ ಬಾಯೊಳಗೆ ಗರ್ಭ ಕಟ್ಟುತ್ತದೆ. ಸುಮಾರು ಮೂರು ವಾರ ಹೀಗೆಯೇ ಇರುತ್ತಾಳೆ, ಊಟ ಬಿಡುತ್ತಾಳೆ. ಮೊದಲ ಸಲವಾದರೆ ಗಾಬರಿಗೆ ನುಂಗಿಬಿಡುವುದೂ ಉಂಟು. ಗಾಜು ತಟ್ಟಬೇಡಿ, ಬಲೆ ಹಾಕಬೇಡಿ.

ಗೊರೂರು_ಹಿನ್ನೀರು, ಜುಲೈ 24, ರಾತ್ರಿ 9.04

ಅಭಿನಂದನೆ! ಒಂದೇ ಕೋರಿಕೆ: ಅಪ್ಪ ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೆ ಮರಿಗಳನ್ನು ಜಾತಿಯ ಹೆಸರು ಹೇಳಿ ಯಾರಿಗೂ ಕೊಡಬೇಡಿ. ಇವು ಒಂದರೊಡನೊಂದು ಸುಲಭವಾಗಿ ಬೆರೆಯುತ್ತವೆ. ‘ಮಿಶ್ರ ಆಫ್ರಿಕನ್’ ಎಂಬ ಹಲಗೆ ಹುಟ್ಟುವುದೇ ಹೀಗೆ.

ಮೂಡಿಗೆರೆ_ತೋಟ, ಜುಲೈ 24, ರಾತ್ರಿ 9.15

ಜಾತಿ ಯಾವುದಾದರೇನು, ಎರಡು ಮರಿ ನನಗಿರಲಿ. ಸಾಕುವುದಕ್ಕೆ, ಮಾರುವುದಕ್ಕಲ್ಲ.

ಕೋಟೆಯ_ನೀಲಿ, ಜುಲೈ 24, ರಾತ್ರಿ 9.22

ಅಕ್ಕಾ, ಬೇರೆ ತೊಟ್ಟಿಗೆ ಯಾವಾಗ ತೆಗೆಯಲಿ? ಮಗಳು ಈಗಿನಿಂದಲೇ ಹೆಸರು ಹುಡುಕುತ್ತಿದ್ದಾಳೆ.

ಬೇಲೂರು_ಅಂಗಳ, ಜುಲೈ 24, ರಾತ್ರಿ 9.30

ನಿನ್ನೆಯ ತಾರೀಖಿನ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹದಿನೆಂಟು ದಿನ ಎಣಿಸಿ. ಇಪ್ಪತ್ತು ಲೀಟರಿನ ಚಿಕ್ಕ ತೊಟ್ಟಿಗೆ ಇದೇ ತೊಟ್ಟಿಯ ನೀರು ತುಂಬಿ, ಸ್ಪಂಜು ಫಿಲ್ಟರ್ ಈಗಲೇ ದೊಡ್ಡ ತೊಟ್ಟಿಯಲ್ಲಿ ಓಡಲು ಬಿಡಿ, ಅಷ್ಟರಲ್ಲಿ ಅದು ಹದಕ್ಕೆ ಬರುತ್ತದೆ. ಹಿಡಿಯುವುದು ರಾತ್ರಿ, ದೀಪ ಆರಿಸಿದ ಮೇಲೆ, ಬಲೆ ಬೇಡ, ಅಗಲ ಬಾಯಿಯ ಡಬ್ಬಿಯಲ್ಲಿ. ಆ ಸಂಜೆ ಕರೆ ಮಾಡಿ, ಒಂದೊಂದೇ ಹೇಳಿಕೊಡುತ್ತೇನೆ.